ಅವರು ನಕ್ಕಾಗ ನಾನೂ ನಗ್ತೀನ್ರಿ

ಗುರುತು ಸಿಗದಂತೆ ಊರು, ಕೋರ್ಸು ಎಲ್ಲ ಬದಲಿಸಿದ್ದೇನೆ. ಬದಲಿಸದಿದ್ದರೂ ಗುರುತು ಹಿಡಿಯೋದು ಕಷ್ಟವೇ. ನಾನು ವಿದ್ಯಾರ್ಥಿಗಳ ಕೌನ್ಸೆಲರ್. ಇಂಥವರು ವರ್ಷಕ್ಕೆ ಮೂರ್ನಾಲ್ಕು ಮಂದಿ ನನ್ನ ಮುಂದೆ ಕೂರುತ್ತಾರೆ.

ಎರಡನೇ ವರ್ಷದ ಎಂಜಿನಿಯರಿಂಗ್ ಹುಡುಗಿ. ಯಾದಗಿರಿ ಕಡೆಯವಳು ಅಂದುಕೊಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ರೂಮ್ ಬದಲಿಸಿಕೊಡಿ ಅಂತ ಮೂರು ಸಲ ಅರ್ಜಿ ಕೊಟ್ಟಿದ್ದಳು, ಕಾರಣ ಬರೆದಿರಲಿಲ್ಲ. ವಾರ್ಡನ್ ನನ್ನ ಹತ್ತಿರ ಕಳಿಸಿದರು.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಬಿಗುಮಾನ ಹೋಗಲಿ ಅಂತ, "ನಿಮ್ಮ ಕಡೆಯವರು ನೇರ ಮಾತಿನವರು ಅಲ್ವಾ? ಸುಮ್ನೆ ಹೇಳಿಬಿಡು" ಅಂದೆ. ಹೊಗಳಿದೆ ಅಂತಲೇ ನನ್ನ ಲೆಕ್ಕ. ಅವಳು ತಟ್ಟನೆ ದನಿ ಏರಿಸಿ, "ಹೌದ್ರೀ ಮೇಡಂ, ನಮ್ದೆಲ್ಲ ಖಡಕ್ ನೋಡ್ರೀ!" ಅಂತ ತೊಡೆ ತಟ್ಟಿ ನಕ್ಕಳು. ನಾನೂ ನಕ್ಕೆ. ಆಮೇಲೆ ಅರ್ಧ ಗಂಟೆ ಪರೀಕ್ಷೆ, ಮೆಸ್ಸು, ಊರಿನ ಬಸ್ಸು. ಒಳಗಿದ್ದದ್ದು ಒಂದೂ ಹೊರಬರಲಿಲ್ಲ.

ಎರಡನೇ ಸಲ ಬಂದಾಗ ರೊಟ್ಟಿಯ ಮಾತು ಬಂತು. ಮನೆಯಿಂದ ತಿಂಗಳಿಗೊಮ್ಮೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬರುತ್ತದೆ. ಮೊದಲ ವರ್ಷ ಡಬ್ಬಿ ತೆಗೆದರೆ ಅಕ್ಕಪಕ್ಕದ ರೂಮಿನವರೆಲ್ಲ ಬರುತ್ತಿದ್ದರು. ಒಂದು ದಿನ ಯಾರೋ ಅದಕ್ಕೆ "371(ಜೆ) ರೊಟ್ಟಿ" ಅಂತ ಹೆಸರಿಟ್ಟರು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ರಾಜ್ಯದ ಉಳಿದ ಕಡೆಯ ಕಾಲೇಜುಗಳಲ್ಲಿ ಶೇ 8 ಸೀಟು ಇದೆಯಲ್ಲ, ಅದರ ಗೇಲಿ. (ಆ ಸೀಟಿಗೂ ಸಿಇಟಿ ರ‍್ಯಾಂಕ್ ಬೇಕು. ಪುಕ್ಕಟೆ ಯಾರೂ ಕೈಗಿಡುವುದಿಲ್ಲ.) ಅಲ್ಲಿಂದ ಇವಳು ರೂಮ್‌ಮೇಟ್ ಮಲಗಿದ ಮೇಲೆ ಒಬ್ಬಳೇ ತಿನ್ನತೊಡಗಿದಳು. ರೊಟ್ಟಿ ಮುರಿಯೋ ಸದ್ದು ಕೇಳಬಾರದು ಅಂತ ಸಾರಿನಲ್ಲಿ ನೆನೆಸಿಟ್ಟು.

"ಆ ಮಾತಿಗೆ ನೀನೇನಂದೆ?"

"ಏನಂತೀನ್ರಿ. ಅವರು ನಕ್ಕಾಗ ನಾನೂ ನಗ್ತೀನ್ರಿ. ನಾನೇ ಜಾಸ್ತಿ ನಗ್ತೀನಿ. ಅವತ್ತು ನಿಮ್ಮ ಮುಂದ ನಕ್ಕಿಲ್ಲೇನ್ರಿ, ಹಂಗ."

ನನಗೆ ಮಾತೇ ಹೊರಡಲಿಲ್ಲ. ಹಾಸ್ಟೆಲ್‌ನಲ್ಲಿ ದಿನಾ ಆಡುವ ಆಟವನ್ನೇ ಅವಳು ನನ್ನ ಮುಂದೆಯೂ ಆಡಿದ್ದಳು. ಆಡಿಸಿದವಳು ನಾನೇ. "ತಪ್ಪಾಯ್ತು" ಅಂದೆ. ಸ್ವಲ್ಪ ಹೊತ್ತು ದುಪಟ್ಟಾದ ತುದಿ ಸುತ್ತುತ್ತಾ ಕೂತಿದ್ದು, ಆಮೇಲೆ ಶುರು ಮಾಡಿದಳು. ಕ್ಲಾಸಿನ ಒಬ್ಬಳು ಬರ್ತ್‌ಡೇಗೆ ಮನೆಗೆ ಕರೆದಿದ್ದಳಂತೆ. ಅಲ್ಲೂ ನಗಿಸಲಿಕ್ಕೇ ಕರೀತಾಳೆ ಅಂದುಕೊಂಡು ಇವಳು ಹೊಟ್ಟೆನೋವಿನ ನೆಪ ಹೇಳಿದಳು. "ಬೆಂಗ್ಳೂರವರು ಎಲ್ಲಾ ಹಂಗ ರಿ."

ಹಣೆಪಟ್ಟಿಯ ದೊಡ್ಡ ಹಾನಿ ಇದೇ ಅಂತ ನನ್ನ ನಂಬಿಕೆ. ಗೇಲಿ ಮಾಡಿದವರ ಜೊತೆಗೆ, ನಿಜವಾಗಿ ಇಷ್ಟಪಟ್ಟು ಬಂದವರೂ ದೂರವಾಗುತ್ತಾರೆ. ಯಾರ ನಗು ಎಂಥದು ಅಂತ ತಿಳಿಯದೆ, ಎಲ್ಲರಿಗೂ ನಾವೇ ಒಂದು ಪಟ್ಟಿ ಅಂಟಿಸಿಬಿಡುತ್ತೇವೆ.

ನಾನು ಹೇಳಿದ್ದು ಎರಡೇ. ಮುಂದಿನ ಸಲ ಅವರು ನಕ್ಕಾಗ ನೀನು ನಗಬೇಡ. ಜಗಳ ಬೇಡ, ಭಾಷಣ ಬೇಡ, ನಗಬೇಡ ಅಷ್ಟೇ. ಮತ್ತೆ ಗುಂಪಿನಲ್ಲಿ ಒಬ್ಬಳನ್ನು ಆರಿಸಿಕೊಂಡು, ಅವಳೊಬ್ಬಳೇ ಸಿಕ್ಕಾಗ, ಆ ಹೆಸರಿನಿಂದ ನೋವಾಗುತ್ತದೆ ಅಂತ ಹೇಳು. ನಿನ್ನ ಕನ್ನಡದಲ್ಲೇ ಹೇಳು.

ಸಹೋದ್ಯೋಗಿಯೊಬ್ಬರು ಸಿಟ್ಟಾದರು. ದೂರು ಯಾಕೆ ಕೊಡಿಸಲಿಲ್ಲ? ಪ್ರಶ್ನೆ ಸರಿಯೇ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರಲ್ಲಿ ತಿದ್ದಿದ ನಿಯಮದ ಪ್ರಕಾರ ಪ್ರದೇಶ, ಭಾಷೆಯ ಹೆಸರಲ್ಲಿ ಹಿಂಸೆ ಕೊಡುವುದೂ ಹೊರಗಿಡುವುದೂ ರ‍್ಯಾಗಿಂಗೇ. ಅವಳಿಗೆ ಅದನ್ನು ಓದಿ ಹೇಳಿದ್ದೆ, ಅರ್ಜಿ ಬರೆಯಲು ಜೊತೆಗೆ ಕೂರುತ್ತೇನೆ ಅಂತಲೂ ಅಂದಿದ್ದೆ. "ರಾತ್ರಿ ಅಲ್ಲೇ ಮಲಗಬೇಕಲ್ರಿ" ಅಂದಳು. ದೂರು ಅವಳದು. ನನ್ನ ಸಮಾಧಾನಕ್ಕೆ ಅವಳ ಕೈಲಿ ಬರೆಸಲಾರೆ. ಇನ್ನೊಬ್ಬರು, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿ, ಮಾತು ನಯವಾಗುತ್ತೆ ಅಂದರು. ಅದನ್ನಂತೂ ನಾನು ಹೇಳುವುದೇ ಇಲ್ಲ. ಆಡಿಕೊಂಡವರು ಅವರು, ನಾಲಿಗೆ ತಿದ್ದಿಕೊಳ್ಳಬೇಕಾದವಳು ಇವಳಾ?

ಎರಡು ವಾರ ಬಿಟ್ಟು ಬಂದಳು. ಇವಳು ನಗದೇ ಕೂತಾಗ ಊಟದ ಟೇಬಲ್ಲೇ ಸುಮ್ಮನಾಯಿತಂತೆ. ಹಾಸನದ ರೂಮ್‌ಮೇಟ್ "ಹುಷಾರಿಲ್ವಾ?" ಅಂತ ಕೇಳಿದ್ದಾಳೆ. ಇವಳು ಅವಳಿಗೇ ಎಲ್ಲ ಹೇಳಿದ್ದಾಳೆ. ಈಗ ಇಬ್ಬರೂ ಸೇರಿ ರೊಟ್ಟಿ ತಿನ್ನುತ್ತಾರೆ, ನೆನೆಸದೆ. ರೂಮಿನ ಅರ್ಜಿ ಮಾತ್ರ ಇನ್ನೂ ವಾಪಸ್ ತಗೊಂಡಿಲ್ಲ. ಗುಂಪಿನ ಇಬ್ಬರು ಮಾತು ಬಿಟ್ಟಿದ್ದಾರೆ.

"ನೀವು ಹೇಳಿದ್ದಕ್ಕ ಹಿಂಗಾತು ನೋಡ್ರಿ" ಅಂದಳು. ನಗಲಿಲ್ಲ.