ರೋಲ್ ನಂಬರ್ ಸಾಕಿತ್ತಲ್ಲ, ಹೆಸರು ಯಾಕೆ ಕೂಗ್ತಿದ್ರಿ ಮೇಷ್ಟ್ರೇ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಅಮೆರಿಕದ ಬರ್ಮಿಂಗ್‌ಹ್ಯಾಮ್ ಊರಲ್ಲಿ ಚರ್ಚಿಗಿಟ್ಟ ಬಾಂಬಿಗೆ ಬಲಿಯಾದ ನಾಲ್ಕು ಕಪ್ಪು ಹುಡುಗೀರಿಗೆ ಅಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್ಸು, 2013ರಲ್ಲಿ, 50 ವರ್ಷ ಆದ್ಮೇಲೆ, ಚಿನ್ನದ ಪದಕ ಕೊಟ್ಟಿದ್ದನ್ನ ನಾವು ಬರೆದಿದ್ವಿ. ಅದನ್ನ ಓದಿ, ಸತ್ತೋರ ಕೊರಳಿಗೆ ಪದಕ ಹಾಕೋಕಾಗುತ್ತಾ, ಇದೆಲ್ಲ ರಾಜಕಾರಣಿಗಳು ಫೋಟೋ ತೆಗೆಸ್ಕೊಳ್ಳೋಕೆ ಅಂತಾರೆ.

ಫೋಟೋ ಮಾತು ಒಪ್ದೆ ಮೇಷ್ಟ್ರೇ. ಉಳಿದದ್ದು ಒಪ್ಪೋಕೆ ನನ್ ಕೈಲಾಗಲ್ಲ.

1963ರ ಸೆಪ್ಟೆಂಬರ್ 15, ಭಾನುವಾರ, ಬೆಳಗ್ಗೆ 10.22. ಚರ್ಚಿನ ನೆಲಮಾಳಿಗೇಲಿ ಹೆಂಗಸರ ರೂಮು. 11 ವರ್ಷದ ಡೆನಿಸ್ ಮೆಕ್‌ನೇರ್ ಫ್ರಾಕಿನ ಸೊಂಟದ ಪಟ್ಟಿ ಕಟ್ಟಿಕೊಡು ಅಂದ್ಲು, 14ರ ಆಡಿ ಮೇ ಕಾಲಿನ್ಸ್ ಕಟ್ಟೋಕೆ ಕೈ ಚಾಚಿದ್ಲು, ಸಿಂಕ್ ಹತ್ರ ನಿಂತಿದ್ದ ಆಡಿಯ ತಂಗಿ ಸಾರಾ ಅದನ್ನೇ ನೋಡ್ತಿದ್ಲು, ಅಷ್ಟರಲ್ಲಿ ಡೈನಮೈಟ್ ಸಿಡೀತು. ಕ್ಯಾರಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಇವರಿಗೂ 14. ಸಾರಾ ಉಳಿದ್ಲು, ಬಲಗಣ್ಣು ಹೋಯ್ತು, ಆಡಿ ಆಡಿ ಅಂತ ಕೂಗಿದ್ರೂ ಅಕ್ಕ ಓಗೊಡಲಿಲ್ಲ.

ಬಾಂಬ್ ಇಟ್ಟೋರು ಕಪ್ಪು ಜನರನ್ನ ದ್ವೇಷಿಸೋ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲ್ಯಾನ್‌ನೋರು. ಅವರಲ್ಲಿ ಮೊದಲನೆಯವನಿಗೆ ಶಿಕ್ಷೆ ಆಗಿದ್ದು 1977ರಲ್ಲಿ, ಇನ್ನಿಬ್ಬರಿಗೆ 2001, 2002ರಲ್ಲಿ. ನಾಲ್ಕನೆಯವನು ಕೇಸೇ ಇಲ್ದೆ ಸತ್ತ. ಅಷ್ಟು ವರ್ಷ ಈ ಮಕ್ಕಳು 'ನಾಲ್ಕು ಹುಡುಗೀರು' ಅನ್ನೋ ಲೆಕ್ಕದೊಳಗೇ ಇದ್ರು, ಪದಕದಲ್ಲಿ ನಾಲ್ಕೂ ಹೆಸರು ಬಿಡಿಬಿಡಿಯಾಗಿ ಬಂತು, ಅದನ್ನ ಚರ್ಚಿನ ಎದುರಿಗಿರೋ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟಿಗೆ ಕೊಟ್ರು. ನೀವು ಅಷ್ಟು ವರ್ಷ ಹಾಜರಿ ಕೂಗಿದೋರು, ರೋಲ್ ನಂಬರ್ ಕೂಗಿದ್ರೆ ಸಾಕಿತ್ತಲ್ಲ, ಹೆಸರು ಯಾಕೆ ಕೂಗ್ತಿದ್ರಿ?

ನನಗೆ ಈ ಪಾಠ ಆಗಿದ್ದು ಡೆಸ್ಕಲ್ಲಿ ಹೊಸಬನಾಗಿದ್ದಾಗ. ಜಾಗ ಸಾಲ್ದು ಅಂತ ಒಂದು ಅಪಘಾತದ ಸುದ್ದೀಲಿ ಹೆಸರೆಲ್ಲ ಹೊಡೆದು 'ಐವರ ಸಾವು' ಅಂತ ಬಿಟ್ಟೆ, ನಾಲ್ಕು ದಿನ ಬಿಟ್ಟು ಒಬ್ಬ ಅಪ್ಪ ಪೇಪರ್ ಮಡಚಿ ಹಿಡ್ಕೊಂಡು ಆಫೀಸಿಗೇ ಬಂದ್ರು, 'ನನ್ ಮಗಳು ಇದ್ರಲ್ಲಿ ಎಲ್ಲಿದಾಳೆ ಸಾರ್?' ಅಂದ್ರು. ಇವತ್ತಿಗೂ ನಮ್ಮ ಪೇಪರುಗಳು ಸತ್ತ ಬಡವರನ್ನ ಎಣಿಸ್ತವೆ, ನೋಡೋಕೆ ಬಂದ ಮಂತ್ರಿಗಳ ಹೆಸರನ್ನ ಮಾತ್ರ ಸಾಲಾಗಿ ಹಾಕ್ತವೆ. ಇದಕ್ಕೆ ನನಗೆ ಸಿಟ್ಟು ಬರುತ್ತೆ.

1955ರಲ್ಲಿ ಅಮೆರಿಕದಲ್ಲೇ ಬಿಳಿಯರ ಕೈಲಿ ಕೊಲೆಯಾದ 14ರ ಕಪ್ಪು ಹುಡುಗ ಎಮೆಟ್ ಟಿಲ್ ತಾಯಿ ಮೇಮಿ, ಮಗನ ಜಜ್ಜಿದ ಮುಖ ಲೋಕ ನೋಡ್ಲಿ ಅಂತ ಶವಪೆಟ್ಟಿಗೆ ತೆರೆದೇ ಇಟ್ರು. ತಾಯಿ ಮಗ ಇಬ್ಬರ ಹೆಸರಲ್ಲೂ ಪದಕದ ಕಾನೂನು ಆಗಿದ್ದು 2023ರ ಜನವರೀಲಿ, ಆಗ ಆ ತಾಯಿ ಇರಲಿಲ್ಲ. ತಡ ಆಯ್ತು ಅಂತ ಬೈರಿ, ನಾನೂ ಬೈತೀನಿ, ಬೇಡ ಅನ್ಬೇಡಿ. ಕಣ್ಣು ಕಳ್ಕೊಂಡ ಸಾರಾ ಪರಿಹಾರ ಕೇಳಿದ್ದೂ ನ್ಯಾಯವೇ, ಪದಕ ಕೊಟ್ಟಿದೀವಲ್ಲ ಅಂತ ಅದನ್ನ ಮುಚ್ಚಿಹಾಕೋ ಹಾಗಿಲ್ಲ.

ಚರ್ಚಲ್ಲಿ ಬಾಂಬ್ ಸಿಡಿದ ಅದೇ ಭಾನುವಾರ ಅದೇ ಊರಲ್ಲಿ ಇನ್ನಿಬ್ಬರು ಕಪ್ಪು ಹುಡುಗರೂ ಗುಂಡಿಗೆ ಸತ್ರು. ಪೊಲೀಸಿನವನೊಬ್ಬ ಬೆನ್ನಿಗೆ ಹೊಡೆದಿದ್ದು 16ರ ಜಾನಿ ರಾಬಿನ್ಸನ್‌ಗೆ, ಅಣ್ಣನ ಸೈಕಲ್ ಹ್ಯಾಂಡಲ್ ಮೇಲೆ ಕೂತು ಹೋಗ್ತಿದ್ದೋನು 13ರ ವರ್ಜಿಲ್ ವೇರ್. ಆ ನಾಲ್ಕು ಹುಡುಗೀರ ಪದಕದಲ್ಲಿ ಇವರ ಹೆಸರಿಲ್ಲ. ನಿಮ್ಮ ಮುಂದಿನ ಪತ್ರ ಅದರ ಬಗ್ಗೆ ಬರೀರಿ ಮೇಷ್ಟ್ರೇ, ಒಂದಕ್ಷರ ಕತ್ತರಿಸದೆ ಹಾಕ್ತೀನಿ.