ಕಟ್ಟೆಯ ಮಾತು, ಫೋನಿನ ಮಾತು

ಚಳ್ಳಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮೊಬೈಲು ಬರುವ ಮುಂಚೆಯೂ ಊರಕಟ್ಟೆಯ ಮೇಲೆ ಚಾಡಿ, ಸುಳ್ಳು, ಜಗಳ ಎಲ್ಲ ಇದ್ದವು. ಈಗ ಅವೇ ಜೋರಾಗಿ ಕೇಳಿಸುತ್ತಿವೆ, ಅಷ್ಟೇ. ಮನುಷ್ಯನನ್ನು ಬಿಟ್ಟು ಫೋನನ್ನು ಬೈಯುವುದೇಕೆ?"

ಮಾನ್ಯರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ, 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳನ್ನು ಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು. ತಂತಾನೆ ನಡೆಯುವ ಬಾಟ್ ಖಾತೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಅದೇ ಕಥೆ. ಹಂಚಿದವರು ನಮ್ಮಂಥವರೇ.

ಆದರೆ "ಅಷ್ಟೇ" ಎಂದಿರಲ್ಲ, ಅದನ್ನು ಒಪ್ಪಲಾರೆ. ನಾಯಕನಹಟ್ಟಿ ಜಾತ್ರೆಯ ಮೈಕು ಯಾರು ಹಿಡಿದರೂ ಅವರ ದನಿಯನ್ನು ದೊಡ್ಡದು ಮಾಡುತ್ತದೆ, ಮಾತನ್ನು ಆರಿಸುವುದಿಲ್ಲ. ಫೇಸ್‌ಬುಕ್ ಆರಿಸುತ್ತದೆ. 2017ರಿಂದ ಅದು ಒಂದು ಲೈಕಿಗೆ ಒಂದು ಅಂಕ ಕೊಟ್ಟರೆ, ಸಿಟ್ಟಿನ ಮುಖ ಸೇರಿದಂತೆ ಪ್ರತಿ ಎಮೋಜಿಗೆ ಐದು ಅಂಕ ಕೊಡುತ್ತಿತ್ತು. ಜನರನ್ನು ಕೆರಳಿಸುವ ಪೋಸ್ಟು ಆ ಲೆಕ್ಕದಲ್ಲೇ ಮೇಲಕ್ಕೆ ಬರುತ್ತಿತ್ತು. 2020ರಲ್ಲಿ ಸಿಟ್ಟಿನ ಮುಖದ ಅಂಕವನ್ನು ಸೊನ್ನೆಗೆ ಇಳಿಸಿದರು. ಸುಳ್ಳು ಸುದ್ದಿ ಕಣ್ಣಿಗೆ ಬೀಳುವುದು ಕಡಿಮೆಯಾಯಿತು, ಬಳಕೆ ಮಾತ್ರ ಇಳಿಯಲಿಲ್ಲ ಎಂದು ಕಂಪನಿಯ ಒಳಗಿನ ಕಾಗದಗಳೇ ಹೇಳುತ್ತವೆ. ಆ ಹೊತ್ತಿಗೆ ಮನುಷ್ಯರೇನೂ ಬದಲಾಗಿರಲಿಲ್ಲ.

ವಾಟ್ಸಾಪಿನಲ್ಲಿ ಇಂಥ ಆಯ್ಕೆ ಇಲ್ಲ, ಅಲ್ಲಿನ ತೊಂದರೆ ಸಲೀಸು ಫಾರ್ವರ್ಡ್. ಮಕ್ಕಳ ಕಳ್ಳರ ವದಂತಿಗೆ 2018ರಲ್ಲಿ ಬೀದರಿನವರೆಗೂ ಜೀವಗಳು ಹೋದ ಮೇಲೆ, ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಎಂಬ ಮಿತಿ ಬಂತು. ಹಲವು ಕೈ ದಾಟಿ ಬಂದು ಜೋಡಿ ಬಾಣದ ಗುರುತು ಬಿದ್ದ ಸಂದೇಶವನ್ನು 2020ರ ಏಪ್ರಿಲಿನಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ತಗ್ಗಿತೆಂದು ಕಂಪನಿ ಹೇಳಿತು.

ಇದಕ್ಕೂ ಒಂದು ಕಿಂಡಿ ಉಳಿದಿದೆ. ವಿಡಿಯೊವನ್ನು ಗ್ಯಾಲರಿಗೆ ಇಳಿಸಿಕೊಂಡು ಮತ್ತೆ ಕಳಿಸಿದರೆ ಬಾಣದ ಗುರುತು ಹೋಗಿಬಿಡುತ್ತದೆ, ಸುದ್ದಿ ಹೊಸದರಂತೆ ಕಾಣುತ್ತದೆ. ನಮ್ಮ ಜಿಲ್ಲೆಯ ಈರುಳ್ಳಿ ಬೆಳೆಗಾರರಿಗೆ ಇದು ದುಡ್ಡಿನ ಪ್ರಶ್ನೆ. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧಿಸಿತು, 2024ರ ಮೇನಲ್ಲಿ ತೆಗೆಯಿತು. ಆಗಿನ ಟೀವಿ ತುಣುಕು ತಾರೀಖಿಲ್ಲದೆ ಕೊಯ್ಲಿನ ಹೊತ್ತಿಗೆ ಗ್ರೂಪಿಗೆ ಬಂದರೆ ಏನಾಗುತ್ತದೆ ನೋಡಿ. ಮುಂಗಾರಿನ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ಇಡಲು ಬಾರದು. ಗಾಬರಿಯಾದ ರೈತ ಸಿಕ್ಕ ರೇಟಿಗೆ ಲಾರಿ ತುಂಬುತ್ತಾನೆ. ಕಟ್ಟೆಯ ಮೇಲಾದರೆ "ಯಾವಾಗಿಂದಪ್ಪಾ ಇದು?" ಎಂದು ಕೇಳುವವರು ಒಬ್ಬರಾದರೂ ಇರುತ್ತಿದ್ದರು.

ಆ ಪ್ರಶ್ನೆಯನ್ನು ಗ್ರೂಪಿನಲ್ಲೂ ಕೇಳಿ. ರಫ್ತಿನ ಆದೇಶವನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸುತ್ತದೆ, ಅದಕ್ಕೆ ಸಂಖ್ಯೆ, ದಿನಾಂಕ ಇದ್ದೇ ಇರುತ್ತವೆ. ಅವೆರಡೂ ಇಲ್ಲದ ಸುದ್ದಿಯನ್ನು ಕಳಿಸಬೇಡಿ. ವಾಟ್ಸಾಪ್ ಸೆಟ್ಟಿಂಗ್ಸಿನ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ತಂತಾನೆ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ, ಬಂದ ವಿಡಿಯೊ ಎಲ್ಲವೂ ಗ್ಯಾಲರಿಗೆ ಸೇರುವುದಿಲ್ಲ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ನಿಲ್ಲಿಸಿ ಹಳೆಯದನ್ನು ಅಳಿಸಿಬಿಡಿ, ಮುಖಪುಟದ ಶಿಫಾರಸುಗಳೇ ಮಾಯವಾಗುತ್ತವೆ. ಬೇಕಾದ್ದನ್ನು ನೀವೇ ಹುಡುಕಬೇಕಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದೊಂದನ್ನಂತೂ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ರೂಪಿನ ಅಡ್ಮಿನ್ ನೀವಾಗಿದ್ದರೆ, ವದಂತಿ ಎದ್ದಾಗ ಅಡ್ಮಿನ್‌ಗಳಷ್ಟೇ ಸಂದೇಶ ಕಳಿಸುವಂತೆ ಬದಲಾಯಿಸಿ. ಆದರೆ ಹಾಗೇ ವಾರಗಟ್ಟಲೆ ಬಿಡಬೇಡಿ, ತಪ್ಪನ್ನು ತಿದ್ದಬಲ್ಲವರೂ ಸುಮ್ಮನಿರಬೇಕಾಗುತ್ತದೆ. ಸಂಜೆಯೊಳಗೆ ತೆರೆದು, ಸರಿಯಾದ ಮಾಹಿತಿಯನ್ನು ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಎಂಬ ಆಯ್ಕೆಗಳು ಬರುತ್ತವೆ. ಕೊಯ್ಲಿನ ಕಾಲವಾದರೆ 30 ದಿನವನ್ನೇ ಒತ್ತಿ.

– ಸಂಪಾದಕ