ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ವಿನಿಮಯಕ್ಕೆಂದು ಜರ್ಮನಿಗೆ ಹೋದರೆ ವರ್ಷ ವ್ಯರ್ಥವಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೀರಿ, ನಿಮ್ಮ ಕಾಲೇಜಿಗೂ ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಇರುವ ಒಡಂಬಡಿಕೆಯಂತೆ ಮೂರನೇ ವರ್ಷದ ಒಂದು ಸೆಮಿಸ್ಟರನ್ನು ಅಲ್ಲಿ ಓದುವ ಅವಕಾಶ ಬಂದಿದೆ, ಅಲ್ಲಿ ಓದಿದ್ದನ್ನು ನಿಮ್ಮ ಕಾಲೇಜು ಒಪ್ಪದೆ ಹೋದರೆ ಒಂದು ವರ್ಷ ಕೈತಪ್ಪೀತೆಂಬ ಅಂಜಿಕೆಯಿಂದ ಹೋಗಬೇಕೋ ಬೇಡವೋ ತೀರ್ಮಾನಿಸಲಾಗುತ್ತಿಲ್ಲ. ನಾನು ಇದೇ ಶಾಖೆಯ ಅಧ್ಯಾಪಕ. ವಿನಿಮಯಕ್ಕೆ ಹೋಗಿಬಂದವರು ಹೊರಗೆ ಓದಿದ ವಿಷಯಗಳನ್ನು ನಮ್ಮ ಪಠ್ಯಕ್ರಮದೊಂದಿಗೆ ಹೋಲಿಸಿ ಕ್ರೆಡಿಟ್ ನಿರ್ಧರಿಸುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಆ ಅನುಭವದ ಮೇಲೆ ಹೇಳುವುದಾದರೆ, ಹೋಗಿ. ಆದರೆ ಯಾವ ಸೆಮಿಸ್ಟರಿನಲ್ಲಿ ಹೋಗುತ್ತೀರಿ, ಅಲ್ಲಿ ಏನನ್ನು ಓದುತ್ತೀರಿ ಎಂಬೆರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುವವರೆಗೆ ಪ್ರಯಾಣದ ಟಿಕೆಟ್ ಕಾಯ್ದಿರಿಸಬೇಡಿ.

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿನಿಮಯ ತೊಡಕಾಗುವುದಕ್ಕೆ ನಮ್ಮ ಪಠ್ಯಕ್ರಮವನ್ನು ಕಟ್ಟಿರುವ ರೀತಿಯೇ ಕಾರಣ. ಇತಿಹಾಸವನ್ನೋ ಸಾಹಿತ್ಯವನ್ನೋ ಓದುವವರು ಒಂದು ಅವಧಿಯಲ್ಲಿ ಬೇರೊಂದು ಕಾಲಘಟ್ಟವನ್ನು ಓದಿ ಬಂದರೆ ಅವರ ಮುಂದಿನ ಓದಿಗೆ ದೊಡ್ಡ ಅಡ್ಡಿಯೇನೂ ಆಗದು. ನಮ್ಮಲ್ಲಿ ಒಂದು ವಿಷಯ ಇನ್ನೊಂದರ ಹೆಗಲ ಮೇಲೆ ನಿಂತಿರುತ್ತದೆ. ಸ್ಟ್ರೆಂಗ್ತ್ ಆಫ್ ಮಟೀರಿಯಲ್ಸ್ ಓದದೆ ಮಷೀನ್ ಡಿಸೈನಿಗೆ ಕೈಹಾಕಲಾಗದು; ಥರ್ಮೋಡೈನಮಿಕ್ಸ್ ಮತ್ತು ಫ್ಲೂಯಿಡ್ ಮೆಕ್ಯಾನಿಕ್ಸ್ ಎರಡೂ ಗಟ್ಟಿಯಾಗದೆ ಹೀಟ್ ಟ್ರಾನ್ಸ್‌ಫರ್ ತಲೆಗೆ ಹತ್ತುವುದಿಲ್ಲ. ನಡುವಿನ ಒಂದು ವಿಷಯ ಬಿಟ್ಟುಹೋಗಿ, ಅದನ್ನು ನಿಮ್ಮ ಕಾಲೇಜು ವರ್ಷಕ್ಕೊಮ್ಮೆ ಮಾತ್ರ ಬೋಧಿಸುವುದಾದರೆ, ಆ ಒಂದೇ ವಿಷಯಕ್ಕಾಗಿ ಇಡೀ ವರ್ಷ ಕಾಯಬೇಕಾಗುತ್ತದೆ. ವಿನಿಮಯದಿಂದ ವರ್ಷ ಹಾಳಾಯಿತೆಂದು ನನ್ನ ಬಳಿ ಬಂದು ಕೊರಗಿದವರಲ್ಲಿ ಹೆಚ್ಚಿನವರಿಗೆ ಆಗಿದ್ದು ಇದೇ. ಅಲ್ಲಿ ಅವರು ಚೆನ್ನಾಗಿಯೇ ಓದಿದ್ದರು, ಓದಿದ ವಿಷಯ ಮಾತ್ರ ಬೇರೆಯಾಗಿತ್ತು.

ಆದ್ದರಿಂದ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಉಳಿದ ಎಲ್ಲ ಸೆಮಿಸ್ಟರುಗಳ ವಿಷಯಗಳನ್ನು ಬರೆದು, ಯಾವುದು ಯಾವುದಕ್ಕೆ ಆಧಾರವೋ ಅಲ್ಲಿಗೆ ಬಾಣದ ಗುರುತು ಎಳೆಯಿರಿ. ಯಾವ ವಿಷಯದಿಂದ ಮುಂದಕ್ಕೆ ಬಾಣ ಹೊರಡುವುದಿಲ್ಲವೋ ಅದನ್ನು ನಿಶ್ಚಿಂತೆಯಿಂದ ಹೊರಗೆ ಓದಬಹುದು, ಇಲ್ಲವೇ ಹಿಂದಿರುಗಿದ ಮೇಲೆ ಓದಬಹುದು. ಅಂಥ ವಿಷಯಗಳು ಹೆಚ್ಚಾಗಿರುವ ಸೆಮಿಸ್ಟರೇ ನೀವು ಹೋಗಬೇಕಾದ ಸೆಮಿಸ್ಟರು. ಮೂರನೇ ವರ್ಷದ ಮೊದಲ ಅರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ಇವು ಹೆಚ್ಚಿರುವುದನ್ನು ನಾನು ನೋಡಿದ್ದೇನೆ, ಆದರೆ ಇದು ನಿಮ್ಮ ಕಾಲೇಜಿನ ಪಠ್ಯಕ್ರಮವನ್ನು ಅವಲಂಬಿಸಿರುವ ಸಂಗತಿ. ನನ್ನ ಮಾತನ್ನು ನಂಬುವ ಬದಲು ನಿಮ್ಮ ಹಾಳೆಯನ್ನೇ ನಂಬಿ.

ಮುಂದಿನ ಹೆಜ್ಜೆ ಆ ವಿಶ್ವವಿದ್ಯಾಲಯದ ವಿಷಯಗಳನ್ನು ಹುಡುಕುವುದು, ಮತ್ತು ಇಲ್ಲಿ ಹೆಸರುಗಳು ದಾರಿ ತಪ್ಪಿಸುತ್ತವೆ. ಜರ್ಮನಿಯಲ್ಲಿ ಸ್ಟ್ರೆಂಗ್ತ್ ಆಫ್ ಮಟೀರಿಯಲ್ಸ್ ಎಂಬ ಹೆಸರಿನ ವಿಷಯಕ್ಕಾಗಿ ತಡಕಾಡಿದರೆ ಬಹಳಷ್ಟು ಕಡೆ ಸಿಗುವುದಿಲ್ಲ, ಏಕೆಂದರೆ ಅದನ್ನು 'ಟೆಕ್ನಿಶೆ ಮೆಕಾನಿಕ್' ಎಂಬ ವಿಷಯಮಾಲೆಯ ಎರಡನೆಯ ಭಾಗದಲ್ಲಿ ಬೋಧಿಸುವುದು ವಾಡಿಕೆ. ಮೊದಲ ಭಾಗ ಸ್ಥಿತಿಶಾಸ್ತ್ರ, ಮೂರನೆಯದು ಚಲನಶಾಸ್ತ್ರ. ಅಲ್ಲಿನ ಪ್ರತಿಯೊಂದು ಪದವಿಗೂ ಮಾಡ್ಯೂಲ್ ಕೈಪಿಡಿ ಎಂಬ ದಾಖಲೆ ಇರುತ್ತದೆ. ಯಾವ ಅಧ್ಯಾಯಗಳಿವೆ, ಕಲಿತು ಹೊರಬರುವಾಗ ಏನು ಮಾಡಲು ಬರಬೇಕು, ಎಷ್ಟು ಗಂಟೆಗಳ ದುಡಿಮೆ, ಪರೀಕ್ಷೆ ಲಿಖಿತವೋ ಮೌಖಿಕವೋ, ಯಾವ ಭಾಷೆಯಲ್ಲಿ ಪಾಠ ಎಂಬುದೆಲ್ಲ ಅದರಲ್ಲಿರುತ್ತದೆ. ಭಾಷೆಯ ಅಂಕಣವನ್ನು ಎರಡು ಸಲ ಓದಿ. ಪದವಿ ಮಟ್ಟದ ಪಾಠಗಳು ಬಹುಪಾಲು ಜರ್ಮನ್ ಭಾಷೆಯಲ್ಲಿದ್ದು, ಇಂಗ್ಲಿಷ್ ಪಾಠಗಳು ಹೆಚ್ಚಾಗಿ ಸ್ನಾತಕೋತ್ತರ ಮಟ್ಟದಲ್ಲಿ ಸಿಗುತ್ತವೆ. ವಿನಿಮಯ ವಿದ್ಯಾರ್ಥಿಗಳನ್ನು ಆ ಪಾಠಗಳಿಗೆ ಸೇರಿಸಿಕೊಳ್ಳುವ ವಿಭಾಗಗಳು ಸಾಕಷ್ಟಿವೆ, ಆದರೆ ಮೂರನೇ ವರ್ಷದವರಿಗೆ ಅದು ಹಗುರವಾದ ಹೊರೆಯಲ್ಲ. ಜರ್ಮನ್ ಭಾಷೆ ಬಾರದಿದ್ದರೆ ನಿಮಗೆ ನಿಜವಾಗಿ ತೆರೆದಿರುವ ವಿಷಯಗಳ ಪಟ್ಟಿ, ಜಾಲತಾಣದಲ್ಲಿ ಕಾಣುವ ಪಟ್ಟಿಗಿಂತ ಬಹಳ ಚಿಕ್ಕದಾಗಿರುತ್ತದೆ.

ಕ್ರೆಡಿಟ್ಟಿನ ಲೆಕ್ಕಕ್ಕೆ ಬರೋಣ. ಯುರೋಪಿನಲ್ಲಿ ಎರಾಸ್ಮಸ್ ವಿನಿಮಯ ಯೋಜನೆ 1987ರಲ್ಲಿ ಶುರುವಾದಾಗ, ಒಂದು ದೇಶದ ಓದನ್ನು ಇನ್ನೊಂದು ದೇಶದ ಅಳತೆಗೆ ತರುವುದು ಹೇಗೆಂಬ ಪ್ರಶ್ನೆ ಕೂಡಲೇ ಎದ್ದಿತು. ಅದಕ್ಕಾಗಿ 1989ರಲ್ಲಿ ಇಸಿಟಿಎಸ್ ಎಂಬ ಕ್ರೆಡಿಟ್ ವ್ಯವಸ್ಥೆಯನ್ನು ಐದು ವಿಷಯಕ್ಷೇತ್ರಗಳಲ್ಲಿ ಮಾತ್ರ ಪ್ರಯೋಗಾರ್ಥವಾಗಿ ಜಾರಿಗೆ ತಂದರು, ಮತ್ತು ಆ ಐದರಲ್ಲಿ ನಮ್ಮ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೂಡ ಒಂದಾಗಿತ್ತು. ಇದರ ಪ್ರಕಾರ ಪೂರ್ಣಾವಧಿಯ ಒಂದು ವರ್ಷದ ಓದಿಗೆ 60 ಕ್ರೆಡಿಟ್, ಒಂದು ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ತರಗತಿ, ಪ್ರಯೋಗಾಲಯ, ಮನೆಯಲ್ಲಿ ಕುಳಿತು ಬಿಡಿಸುವ ಲೆಕ್ಕ, ಪರೀಕ್ಷೆಯ ತಯಾರಿ ಎಲ್ಲವೂ ಆ ಗಂಟೆಗಳಲ್ಲಿ ಸೇರಿವೆ. ಯುರೋಪಿನ ಹೊರಗೆ ಅನೇಕ ಕಡೆ ಕ್ರೆಡಿಟ್ಟನ್ನು ವಾರಕ್ಕೆ ಎಷ್ಟು ಗಂಟೆ ತರಗತಿ ಎಂಬುದರ ಮೇಲೆ ಎಣಿಸುತ್ತಾರೆ. ಹೀಗಾಗಿ ಅಲ್ಲಿನ 6 ಕ್ರೆಡಿಟ್ ಇಲ್ಲಿನ 6 ಕ್ರೆಡಿಟ್ಟಿಗೆ ಸಮವಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳೊಂದಿಗೆ ವ್ಯವಹರಿಸುವಾಗ ಎರಡು ಇಸಿಟಿಎಸ್‌ಗೆ ಒಂದು ಕ್ರೆಡಿಟ್ ಎಂಬ ಸ್ಥೂಲ ಲೆಕ್ಕ ಬಳಕೆಯಲ್ಲಿದೆ. ನಿಮ್ಮ ಕಾಲೇಜು ಯಾವ ಅನುಪಾತವನ್ನು ಅನುಸರಿಸುತ್ತದೆ ಎಂಬುದನ್ನು ಒಡಂಬಡಿಕೆಯ ಪ್ರತಿ ತರಿಸಿ ನೋಡಿ.

ಇಷ್ಟಾದ ಮೇಲೆ ಲರ್ನಿಂಗ್ ಅಗ್ರಿಮೆಂಟ್ ಎಂಬ ಕಾಗದ ಸಿದ್ಧವಾಗಬೇಕು. ಅಲ್ಲಿ ಓದುವ ಇಂಥ ವಿಷಯ ಇಲ್ಲಿನ ಇಂಥ ವಿಷಯಕ್ಕೆ ಬದಲು ಎಂದು ಸಾಲುಸಾಲಾಗಿ ನಮೂದಿಸಿ, ನೀವು, ನಿಮ್ಮ ಕಾಲೇಜು, ಅಲ್ಲಿನ ವಿಶ್ವವಿದ್ಯಾಲಯ ಮೂವರೂ ಸಹಿ ಮಾಡುವ ದಾಖಲೆ ಇದು. ಅಂತರರಾಷ್ಟ್ರೀಯ ವಿಭಾಗದ ಅಧಿಕಾರಿಯ ಬಾಯಿಮಾತಿನ ಭರವಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲದು. ಕ್ರೆಡಿಟ್ ಒಪ್ಪುವ ಅಧಿಕಾರ ಅವರಿಗಿರುವುದು ಅಪರೂಪ. ನಿಮ್ಮ ಶೈಕ್ಷಣಿಕ ವಿಭಾಗದ ಮುಖ್ಯಸ್ಥರದೋ ಅಥವಾ ನಿಯಮದಂತೆ ಆ ಅಧಿಕಾರವುಳ್ಳ ಸಮಿತಿಯದೋ ಸಹಿ ಬೇಕು, ಮತ್ತು ಅದು ಹೊರಡುವ ಮೊದಲೇ ಬೇಕು. ಅಲ್ಲಿಗೆ ತಲುಪಿದ ಮೇಲೆ ಒಂದೆರಡು ವಿಷಯ ಬದಲಾಗುವುದು ತೀರ ಸಾಮಾನ್ಯ: ಪಾಠ ಆ ಅವಧಿಯಲ್ಲಿ ನಡೆಯದಿರಬಹುದು, ಪ್ರಯೋಗಾಲಯದ ಸ್ಥಾನಗಳು ತುಂಬಿರಬಹುದು. ಬದಲಾದ ದಿನವೇ ಮಾಡ್ಯೂಲಿನ ವಿವರಣೆ ಸಮೇತ ಕಾಲೇಜಿಗೆ ಬರೆದು ಹೊಸ ಸಹಿ ಪಡೆಯಿರಿ.

ಹೋಲಿಕೆ ನೋಡುವ ಅಧ್ಯಾಪಕರಿಗೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಎರಡು ಪಠ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಅಧ್ಯಾಯಕ್ಕೆ ಅಧ್ಯಾಯ ತಾಳೆಯಾಗುತ್ತದೆಯೇ ಎಂದು ಎಣಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 1997ರ ಲಿಸ್ಬನ್ ಮಾನ್ಯತಾ ಒಡಂಬಡಿಕೆ ಇದಕ್ಕಿಂತ ಹೆಚ್ಚು ನ್ಯಾಯವಾದ ತತ್ವವನ್ನು ಮುಂದಿಟ್ಟಿತು. ಅದರ ಪ್ರಕಾರ ಹೊರಗಿನ ಓದನ್ನು ಮಾನ್ಯ ಮಾಡುವುದೇ ನಿಯಮ. ನಿರಾಕರಿಸುವವರು ಎರಡರ ನಡುವೆ ಗಣನೀಯ ವ್ಯತ್ಯಾಸವಿದೆಯೆಂದು ತೋರಿಸಿಕೊಡಬೇಕು. ಆ ಒಡಂಬಡಿಕೆ ನಿಮ್ಮ ದೇಶಕ್ಕೆ ಅನ್ವಯಿಸದೆ ಇರಬಹುದು, ಆದರೆ ತತ್ವ ಎಲ್ಲಿಯೂ ಸಲ್ಲುವಂಥದ್ದು. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಲ್ಲಿ ಕಲಿತು ಬಂದ ವಿದ್ಯಾರ್ಥಿ ನಮ್ಮ ಮುಂದಿನ ವಿಷಯವನ್ನು ತಡವರಿಸದೆ ಓದಬಲ್ಲನೇ, ಓದಬಲ್ಲಳೇ? ನಿಮ್ಮ ಅರ್ಜಿಯನ್ನೂ ಈ ಪ್ರಶ್ನೆಗೆ ಉತ್ತರವಾಗುವಂತೆ ಬರೆಯಿರಿ. ಅಧ್ಯಾಯಗಳ ಪಟ್ಟಿಗಿಂತ ಅದು ಹೆಚ್ಚು ಪರಿಣಾಮಕಾರಿ.

ವಾಷಿಂಗ್ಟನ್ ಅಕಾರ್ಡ್ ಇದೆಯಲ್ಲ, ಕ್ರೆಡಿಟ್ ತಾನಾಗಿಯೇ ಸಿಗುವುದಿಲ್ಲವೇ ಎಂದು ಕೇಳುವವರು ಇದ್ದಾರೆ. 1989ರ ಆ ಒಪ್ಪಂದ ಮಾನ್ಯತೆ ಪಡೆದ ಇಡೀ ಇಂಜಿನಿಯರಿಂಗ್ ಪದವಿಗಳನ್ನು ಸದಸ್ಯ ಸಂಸ್ಥೆಗಳು ಪರಸ್ಪರ ಸಮಾನವೆಂದು ಗುರುತಿಸುವುದಕ್ಕೆ ಸಂಬಂಧಿಸಿದ್ದು. ಒಂದು ಸೆಮಿಸ್ಟರಿನ ಕ್ರೆಡಿಟ್ ವರ್ಗಾವಣೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ನನಗೆ ಮುಖ್ಯವೆನಿಸುವ ಮಾತು. ಬಹುತೇಕ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ಪೋಷಕರು, ತಮ್ಮ ಕಾಲೇಜಿನಲ್ಲಿ ಆ ಸೆಮಿಸ್ಟರಿನಲ್ಲಿರುವ ವಿಷಯಗಳನ್ನೇ ಅಲ್ಲಿಯೂ ಹುಡುಕಿ, ಎಲ್ಲಕ್ಕೂ ಜೋಡಿ ಸಿಕ್ಕಿದರೆ ಗೆದ್ದೆವೆಂದು ಭಾವಿಸುತ್ತಾರೆ. ಇಲ್ಲಿ ಸಿಗುವುದನ್ನೇ ಓದುವುದಕ್ಕೆ ಅಷ್ಟು ದೂರ ಹೋಗುವ ಅಗತ್ಯವೇನಿದೆ? ಬಾಣ ಮುಂದಕ್ಕೆ ಹೊರಡುವ ಒಂದೆರಡು ವಿಷಯಗಳಿಗೆ ಮಾತ್ರ ಬಿಗಿಯಾದ ಜೋಡಿ ಹುಡುಕಿ. ಉಳಿದ ಕ್ರೆಡಿಟ್ಟುಗಳನ್ನು ಐಚ್ಛಿಕ ವಿಷಯಗಳ ಖಾತೆಗೆ ಹಾಕಿಸಿ, ನಿಮ್ಮ ಕಾಲೇಜಿನಲ್ಲಿ ಸಿಗದಿರುವುದನ್ನು ಅಲ್ಲಿ ಓದಿ. ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರೊಬ್ಬರ ಸುತ್ತ ಕಟ್ಟಿದ ಸಂಶೋಧನಾ ಘಟಕಗಳಿರುತ್ತವೆ, ಅವಕ್ಕೆ ತಮ್ಮದೇ ಪ್ರಯೋಗಾಲಯ, ಯಂತ್ರಗಳು, ಪಿಎಚ್‌ಡಿ ಮಾಡುತ್ತಿರುವ ಸಂಶೋಧಕರು ಇರುತ್ತಾರೆ. ಅಂಥ ಒಂದು ಘಟಕದಲ್ಲಿ ಕ್ರೆಡಿಟ್ ಸಹಿತವಾದ ಪ್ರಾಜೆಕ್ಟ್ ದೊರೆತರೆ, ನನ್ನ ಅಭಿಪ್ರಾಯದಲ್ಲಿ ಅದು ಮೂರು ತರಗತಿಗಳಿಗಿಂತ ಮಿಗಿಲು. ಹೊರಡುವ ಕೆಲವು ತಿಂಗಳು ಮೊದಲೇ ಅಲ್ಲಿನ ಸಂಶೋಧಕರಿಗೆ ಪತ್ರ ಬರೆದು, ಅವರ ಕೆಲಸವನ್ನು ಓದಿದ್ದೀರೆಂಬುದು ಕಾಣುವಂತೆ ಕೇಳಿಕೊಳ್ಳಬೇಕು.

ಬೇರೆ ವ್ಯವಸ್ಥೆಯಲ್ಲಿ ಓದುವುದರಿಂದ ಸಿಗುವ ಇನ್ನೊಂದು ಅರಿವು ಇಂಜಿನಿಯರನಿಗೆ ವಿಶೇಷವಾಗಿ ಬೇಕಾದದ್ದು. ಭೌತಶಾಸ್ತ್ರದ ನಿಯಮಗಳು ಎಲ್ಲೆಡೆ ಒಂದೇ, ಆದರೆ ಇಂಜಿನಿಯರಿಂಗ್ ರೂಢಿಗಳು ಹಾಗಲ್ಲ. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಕ್ರಮವನ್ನೇ ನೋಡಿ: ಯುರೋಪಿನ ಯಂತ್ರಭಾಗಗಳ ನಕ್ಷೆಗಳು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಎಂಬ ಕ್ರಮದಲ್ಲಿರುತ್ತವೆ, ಅಮೆರಿಕದವು ಥರ್ಡ್ ಆ್ಯಂಗಲ್. ಮೂಲೆಯಲ್ಲಿರುವ ಚಿಕ್ಕ ಚಿಹ್ನೆಯನ್ನು ಗಮನಿಸದೆ ಹೋದರೆ ಎಡಬಲ ತಿರುಗಿದ ಭಾಗ ತಯಾರಾಗಿ ಬರುತ್ತದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾದದ್ದು, ಒಂದು ತಂಡದ ತಂತ್ರಾಂಶ ಪೌಂಡ್-ಸೆಕೆಂಡ್‌ಗಳಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ತಂಡ ನ್ಯೂಟನ್-ಸೆಕೆಂಡ್ ಎಂದು ಭಾವಿಸಿದ್ದರಿಂದ. ತನ್ನ ರೂಢಿಯೇ ಜಗತ್ತಿನ ರೂಢಿ ಎಂದುಕೊಳ್ಳದೆ, ಲೆಕ್ಕಕ್ಕೆ ಕೂರುವ ಮೊದಲು ಇದು ಯಾವ ಮಾನ, ಯಾವ ಸಂಹಿತೆ, ಸುರಕ್ಷತಾ ಗುಣಾಂಕ ಎಷ್ಟು ಎಂದು ಕೇಳುವ ಅಭ್ಯಾಸವನ್ನು ವಿನಿಮಯಕ್ಕೆ ಹೋಗಿಬಂದವರಲ್ಲಿ ನಾನು ಸ್ಪಷ್ಟವಾಗಿ ಕಂಡಿದ್ದೇನೆ. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಪರೀಕ್ಷೆಗಳ ಬಗ್ಗೆ ಎಚ್ಚರವಿರಲಿ. ಅಲ್ಲಿ ಅನೇಕ ವಿಷಯಗಳಲ್ಲಿ ಕೊನೆಯ ಒಂದೇ ಪರೀಕ್ಷೆ ಪೂರ್ತಿ ಅಂಕವನ್ನು ನಿರ್ಧರಿಸುತ್ತದೆ, ಹಾಜರಿಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಆದರೆ ಪರೀಕ್ಷೆಗೆ ಗಡುವಿನೊಳಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ; ಪಾಠಕ್ಕೆ ಸೇರಿದ್ದೇ ಸಾಕೆಂದು ನಂಬಿ ಪರೀಕ್ಷೆಯನ್ನೇ ಕಳೆದುಕೊಂಡವರನ್ನು ಬಲ್ಲೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಬೇಸಿಗೆಯದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯ ತರಗತಿಗಳು ಜುಲೈನಲ್ಲಿ ಮುಗಿದರೂ ಪರೀಕ್ಷೆಗಳು ಆಗಸ್ಟ್, ಸೆಪ್ಟೆಂಬರ್‌ವರೆಗೂ ಹರಡಿಕೊಂಡಿರಬಹುದು. ನಿಮ್ಮ ಕಾಲೇಜಿನ ಮುಂದಿನ ಸೆಮಿಸ್ಟರ್ ಅಷ್ಟರಲ್ಲಿ ಆರಂಭವಾಗಿದ್ದರೆ ಎರಡು ಕಡೆಯೂ ಪೇಚಾಟ. ಮೌಖಿಕ ಪರೀಕ್ಷೆಯಾದರೆ ಪ್ರಾಧ್ಯಾಪಕರೊಂದಿಗೆ ಮಾತಾಡಿ ಬೇಗನೆಯ ದಿನಾಂಕ ಪಡೆದುಕೊಳ್ಳಲು ಸಾಧ್ಯವಿದೆ, ದೊಡ್ಡ ಲಿಖಿತ ಪರೀಕ್ಷೆಗಳಲ್ಲಿ ಅದು ಸಾಧ್ಯವಾಗುವುದು ಕಷ್ಟ.

ಅಂಕಗಳ ಪರಿವರ್ತನೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣತೆಯ ಅಂಚು, 5.0 ಅನುತ್ತೀರ್ಣ. ಹೊರಗಿನ ಅಂಕಗಳನ್ನು ಈ ಮಾಪನಕ್ಕೆ ತರಲು ಅವರು ಬಳಸುವ ಬವೇರಿಯನ್ ಸೂತ್ರ ಸರಳರೇಖೆಯದು: 10 ಗರಿಷ್ಠ, 4 ಉತ್ತೀರ್ಣತೆಯ ಕನಿಷ್ಠ ಎಂದಿರುವ ಕಡೆಯ 8, ಅಲ್ಲಿಯ 2.0 ಆಗುತ್ತದೆ. ಅದನ್ನೇ ತಿರುಗಿಸಿ ಬಳಸುವ ಕಾಲೇಜುಗಳಿವೆ, ಉತ್ತೀರ್ಣ ಎಂದಷ್ಟೇ ದಾಖಲಿಸಿ ಸರಾಸರಿಗೆ ಸೇರಿಸದೆ ಬಿಡುವ ಕಾಲೇಜುಗಳೂ ಇವೆ. ಎರಡನೆಯ ಕ್ರಮವೇ ವಿದ್ಯಾರ್ಥಿಗೆ ಹಿತ ಎಂದು ನನ್ನ ನಂಬಿಕೆ, ಏಕೆಂದರೆ ಸರಾಸರಿ ಇಳಿಯುವ ಭಯವಿಲ್ಲದವರು ಮಾತ್ರ ಕಷ್ಟದ, ಹೊಸ ವಿಷಯಗಳನ್ನು ಆರಿಸುವ ಧೈರ್ಯ ಮಾಡುತ್ತಾರೆ.

ಖರ್ಚಿನ ವಿಚಾರ ಚಿಕ್ಕದಾಗಿ. ವಿನಿಮಯವೆಂದರೆ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ, ಅಲ್ಲಿ ಅದು ಮಾಫಿ; ವಸತಿ, ಊಟ, ಆರೋಗ್ಯ ವಿಮೆ, ಪ್ರಯಾಣ ನಿಮ್ಮದು. ಎರಾಸ್ಮಸ್ ಪ್ಲಸ್ ಯೋಜನೆ 2015ರಿಂದ ಯುರೋಪಿನ ಹೊರಗಿನ ಸಂಸ್ಥೆಗಳೊಂದಿಗಿನ ವಿನಿಮಯಕ್ಕೂ ತೆರೆದುಕೊಂಡಿದೆ. ನಿಮ್ಮ ಒಡಂಬಡಿಕೆ ಅದರಡಿ ಬಂದಿದ್ದರೆ ಪ್ರಯಾಣಕ್ಕೂ ತಿಂಗಳ ಖರ್ಚಿಗೂ ಅನುದಾನ ಇರುತ್ತದೆ, ಆದ್ದರಿಂದ ಅದನ್ನು ಖಚಿತಪಡಿಸಿಕೊಳ್ಳಿ.

ಹಾಳೆಯ ಮೇಲಿನ ಬಾಣಗಳು ಯಾವ ಸೆಮಿಸ್ಟರನ್ನೂ ಬಿಟ್ಟುಕೊಡದಿದ್ದರೆ ಈ ಅವಕಾಶವನ್ನು ಬಿಡುವುದೇ ಸರಿ, ಮತ್ತು ಆಗ ರಜೆಯ ಅವಧಿಯ ತರಬೇತಿಯತ್ತ ನೋಡಿ. 1948ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ ಐಎಇಎಸ್‌ಟಿಇ ಸಂಸ್ಥೆ ತಾಂತ್ರಿಕ ವಿದ್ಯಾರ್ಥಿಗಳಿಗೆ ಬೇರೆ ದೇಶಗಳ ಕಂಪನಿ ಮತ್ತು ಪ್ರಯೋಗಾಲಯಗಳಲ್ಲಿ ಭತ್ಯೆ ಸಹಿತ ತರಬೇತಿಯ ವಿನಿಮಯವನ್ನು ಇಂದಿಗೂ ನಡೆಸುತ್ತಿದೆ. ಅಲ್ಲಿ ಕ್ರೆಡಿಟ್ಟಿನ ಗೊಡವೆ ಬಹಳ ಕಡಿಮೆ, ಒಂದರ ಮೇಲೊಂದು ನಿಂತ ವಿಷಯಗಳ ಸರಪಳಿಗೆ ಧಕ್ಕೆಯಿಲ್ಲ. ನಿಮ್ಮ ಐದನೇ ಮತ್ತು ಆರನೇ ಸೆಮಿಸ್ಟರಿನ ವಿಷಯಗಳ ಪಟ್ಟಿಯನ್ನೂ ಆ ವಿಶ್ವವಿದ್ಯಾಲಯ ವಿನಿಮಯ ವಿದ್ಯಾರ್ಥಿಗಳಿಗೆ ತೆರೆದಿಟ್ಟಿರುವ ವಿಷಯಗಳ ಪಟ್ಟಿಯನ್ನೂ ಇಲ್ಲಿ ಹಾಕಿದರೆ, ಯಾವುದಕ್ಕೆ ಯಾವುದು ಜೋಡಿಯಾದೀತೆಂದು ನನಗೆ ತೋರುವುದನ್ನು ಬರೆಯುತ್ತೇನೆ. ಅಂತಿಮ ಸಹಿ ಮಾತ್ರ ನಿಮ್ಮ ವಿಭಾಗದವರದೇ ಆಗಿರಬೇಕು.